ನಾಯಿ ಇರುವ ಮನೆಗೆ ಮೊಲ ತರುವ ಮುನ್ನ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ನಮ್ಮ ಮನೆಯಲ್ಲಿ ಒಂದು ನಾಟಿ ನಾಯಿಯೂ ಒಂದು ಬಿಳಿ ಮೊಲವೂ ಇರುವುದನ್ನು ಹಿಂದಿನ ವಿಡಿಯೊಗಳಲ್ಲಿ ಕಂಡ ಹಲವರು, ಅವೆರಡನ್ನೂ ಒಟ್ಟಿಗೆ ಆಡಲು ಬಿಡಬಹುದೇ ಎಂದು ಕೇಳುತ್ತಿದ್ದೀರಿ. ಎರಡನ್ನೂ ಒಂದೇ ಸೂರಿನಡಿ ಸಾಕಬಹುದು, ಆದರೆ ಒಟ್ಟಿಗೆ ಆಡಲು ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು "ನಮ್ಮ ನಾಯಿ ಬಹಳ ಸಾಧು" ಎಂದು ಮಾತು ಆರಂಭಿಸುತ್ತಾರೆ. ಮೊಲಕ್ಕೆ ಏನನ್ನಿಸುತ್ತದೆ ಎಂದು ವಿಚಾರಿಸುವವರು ಅಪರೂಪ.

ಈಗ ಕಾಣುತ್ತಿರುವ ದೃಶ್ಯವನ್ನು ಗಮನವಿಟ್ಟು ನೋಡಿ. ನಾಯಿ ಬಾಗಿಲ ಆಚೆಗಿದೆ, ಚೈನು ನನ್ನ ಕೈಯಲ್ಲಿದೆ. ಗರಿಕೆ ಮೆಲ್ಲುವಾಗ ಎಡೆಬಿಡದೆ ಅದುರುತ್ತಿದ್ದ ಮೊಲದ ಮೂಗು ಈಗ ನಿಂತಿದೆ, ಕಿವಿಗಳು ಬೆನ್ನಿಗೆ ಅಂಟಿಕೊಂಡಿವೆ, ಕಣ್ಣಂಚಿನ ಬಿಳಿ ಭಾಗ ಕಾಣುತ್ತಿದೆ, ಮೈಯೆಲ್ಲ ನೆಲಕ್ಕೆ ಒತ್ತಿಕೊಂಡಿದೆ. ಇದನ್ನು ಕಂಡು "ಎಷ್ಟು ಸುಮ್ಮನೆ ಕುಳಿತಿದೆ, ಹೊಂದಿಕೊಂಡುಬಿಟ್ಟಿತು" ಎಂದು ಸಂತೋಷಪಡುವವರಿದ್ದಾರೆ. ಅದು ಹೊಂದಾಣಿಕೆಯಲ್ಲ, ಭಯ. ಬೇಟೆಗೆ ಬಲಿಯಾಗುತ್ತ ಬಂದ ಪ್ರಾಣಿಯಾದ್ದರಿಂದ ಅಲುಗಾಡದೆ ಉಳಿದರೆ ಶತ್ರುವಿನ ಕಣ್ಣಿಗೆ ಬೀಳುವುದಿಲ್ಲವೆಂಬುದು ಅದರ ರಕ್ತದಲ್ಲಿಯೇ ಬಂದಿದೆ. ಹಿಂಗಾಲಿನಿಂದ ನೆಲವನ್ನು ಧಪ್ ಎಂದು ಬಡಿದರೆ ಅದು ಅಪಾಯದ ಸೂಚನೆ. ಅದರ ಕಣ್ಣುಗಳು ತಲೆಯ ಎರಡು ಬದಿಗಳಲ್ಲಿರುವುದರಿಂದ ಬಹುತೇಕ ಸುತ್ತಲೂ ಕಾಣುತ್ತದೆಯಾದರೂ ಮೂಗಿನ ನೇರ ಮುಂದಿನ ಜಾಗ ಕಾಣುವುದಿಲ್ಲ. ಹಾಗಾಗಿ ನಾಯಿ ಪ್ರೀತಿಯಿಂದಲೇ ಮೂತಿ ಚಾಚಿದರೂ ಮೊಲ ಬೆಚ್ಚಿಬೀಳುತ್ತದೆ.

ಬೆಚ್ಚಿದರೆ ಏನಾಯಿತು ಎಂದು ಕೇಳಬೇಡಿ. ಮೊಲದ ಮೂಳೆಗಳು ಬಹಳ ಹಗುರ, ಇಡೀ ದೇಹದ ತೂಕದಲ್ಲಿ ಸುಮಾರು ಶೇ. 8ರಷ್ಟು ಮಾತ್ರ; ಹಿಂಗಾಲುಗಳ ಸ್ನಾಯುಗಳಾದರೋ ಬಲಿಷ್ಠ. ಹೆದರಿ ಜೋರಾಗಿ ಒದ್ದುಕೊಂಡಾಗ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳುವ ಸಾಧ್ಯತೆಯಿದೆ. ಭಯದಿಂದ ಮೇವು ಬಿಟ್ಟರೆ ಕರುಳಿನ ಚಲನೆ ನಿಧಾನಗೊಂಡು ನಿಂತೇಹೋಗುತ್ತದೆ. ಸುಮಾರು 12 ಗಂಟೆ ಏನನ್ನೂ ತಿನ್ನದೆ, ಹಿಕ್ಕೆಯನ್ನೂ ಹಾಕದೆ ಇದ್ದರೆ ಬೆಳಗಾಗಲಿ ಎಂದು ಕಾಯದೆ ಪಶುವೈದ್ಯರ ಬಳಿಗೆ ಕೊಂಡೊಯ್ಯಬೇಕು.

ನಾಯಿಯನ್ನು ದೂರುವುದು ನನ್ನ ಉದ್ದೇಶವಲ್ಲ. ನಮ್ಮ ಮುಧೋಳ ನಾಯಿ ಕಣ್ಣಿಗೆ ಕಂಡದ್ದನ್ನು ಬೆನ್ನಟ್ಟಲೆಂದೇ ಬೆಳೆಸಿದ ತಳಿ. ಬೀಗಲ್ ಮೊಲದ ಬೇಟೆಗಾಗಿ, ಡ್ಯಾಷ್‌ಹಂಡ್ ಬಿಲಕ್ಕೆ ನುಗ್ಗುವುದಕ್ಕಾಗಿ ಹುಟ್ಟಿಕೊಂಡ ತಳಿಗಳು. ನಾಯಿ ಆಟಕ್ಕೆ ಕರೆಯುವ ರೀತಿಯೂ ಮುಂಗಾಲು ಬಾಗಿಸಿ, ನೆಗೆದು, ಅಟ್ಟಿಸಿಕೊಂಡು ಹೋಗುವುದೇ ಆಗಿರುವುದರಿಂದ ಮೊಲಕ್ಕೆ ಆಟಕ್ಕೂ ಬೇಟೆಗೂ ವ್ಯತ್ಯಾಸ ತಿಳಿಯುವುದಿಲ್ಲ. ನಾಯಿ ಬಾಯಿ ಮುಚ್ಚಿ, ಮೈ ಬಿಗಿಹಿಡಿದು, ರೆಪ್ಪೆ ಬಡಿಯದೆ ಮೊಲವನ್ನೇ ನೋಡತೊಡಗಿದರೆ ಆ ಕ್ಷಣವೇ ಹೊರಗೆ ಕರೆದೊಯ್ಯಿರಿ. ಮೊಲವನ್ನೊಮ್ಮೆ ನೋಡಿ, ಹೆಸರು ಕರೆದೊಡನೆ ನಿಮ್ಮತ್ತ ತಿರುಗುವ ನಾಯಿಯ ಮೇಲೆ ಸ್ವಲ್ಪ ಭರವಸೆ ಇಡಬಹುದು.

ಬೇಟೆನಾಯಿಗಳನ್ನೇ ಮೊಲ ಎದುರಿಸಿದ ಹಕ್ಕ-ಬುಕ್ಕರ ಕಥೆಯನ್ನು ನಾವೆಲ್ಲ ಕೇಳಿಯೇ ಬೆಳೆದವರು. ಆದರೆ ನಮ್ಮ ಕಡೆಯ ಹೊಲಗಳಲ್ಲಿ, ಜೋಗಿಮಟ್ಟಿಯಂಥ ಕಾಡುಗಳಲ್ಲಿ ಇರುವ ಕಾಡುಮೊಲ ಬೇರೆಯೇ ಜಾತಿ; ಅದು ಬಿಲ ತೋಡುವುದಿಲ್ಲ, ಓಡಿ ಪಾರಾಗುತ್ತದೆ. ಅದನ್ನು ಹಿಡಿಯುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಸಾಕುಮೊಲ ಯುರೋಪಿನ ಬಿಲವಾಸಿ ಮೊಲದ ಸಂತತಿಯಾದ್ದರಿಂದ ಅಡಗಲು ಜಾಗ ಸಿಕ್ಕರೆ ಮಾತ್ರ ಅದಕ್ಕೆ ಧೈರ್ಯ ಬರುತ್ತದೆ. ನಾಯಿಯ ತಲೆ ತೂರದಷ್ಟು ಕಿರಿದಾದ, ಎರಡು ಕಡೆ ಬಾಯಿರುವ ಒಂದು ಮರದ ಪೆಟ್ಟಿಗೆಯನ್ನು ಗೂಡಿನೊಳಗೆ ಇಟ್ಟುಬಿಡಿ.

ಪರಿಚಯ ಮಾಡಿಸುವುದಾದರೆ ಮೊದಲು ವಾಸನೆಯಿಂದ ಆರಂಭಿಸಬೇಕು. ಮೊಲ ಮಲಗಿದ ಬಟ್ಟೆಯನ್ನು ನಾಯಿಗೂ ನಾಯಿ ಮಲಗಿದ ಬಟ್ಟೆಯನ್ನು ಮೊಲಕ್ಕೂ ಮೂಸಲು ಕೊಟ್ಟು, ಅನಂತರ ಜಾಲರಿಯ ಆಚೀಚೆ ದೂರದಿಂದ ಕೆಲವೇ ನಿಮಿಷ ನೋಡಲು ಬಿಟ್ಟು, ಮೊಲ ನಾಯಿಯ ಎದುರಿನಲ್ಲಿಯೂ ಮೇವು ತಿನ್ನತೊಡಗಿದ ಮೇಲೆಯೇ ಅಂತರವನ್ನು ಕಡಿಮೆ ಮಾಡಬೇಕು. ಮೊಲವನ್ನು ತೋಳಿನಲ್ಲಿ ಎತ್ತಿಕೊಂಡು ನಾಯಿಗೆ ತೋರಿಸುವುದು ಖಂಡಿತ ಬೇಡ. ವರ್ಷಗಳೇ ಕಳೆದರೂ ಮನೆಯವರಿಲ್ಲದಾಗ ನಡುವೆ ಮುಚ್ಚಿದ ಬಾಗಿಲು ಇರಲೇಬೇಕು.

ಔಷಧದ ವಿಷಯವನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಇದು ಅನೇಕರಿಗೆ ತಿಳಿದಿಲ್ಲ. ಉಣ್ಣೆ, ಚಿಗಟಗಳಿಗಾಗಿ ನಾಯಿಯ ಕತ್ತಿನ ಮೇಲೆ ಹಾಕುವ ಫಿಪ್ರೊನಿಲ್ ಮೊಲದ ಪ್ರಾಣವನ್ನೇ ತೆಗೆಯಬಲ್ಲದು. ಅದನ್ನು ಮೊಲಕ್ಕೆ ಹಾಕಲೇಬೇಡಿ. ನಾಯಿಗೆ ಹಾಕಿದ್ದರೆ ಅದು ಪೂರ್ತಿ ಆರುವವರೆಗೆ ಮೊಲದ ಹತ್ತಿರ ಬಿಡಬೇಡಿ, ನಾಯಿಯನ್ನು ಸವರಿದ ಕೈಯನ್ನು ತೊಳೆಯದೆ ಮೊಲವನ್ನು ಮುಟ್ಟಬೇಡಿ. ನಾಯಿಯ ಹಲ್ಲು ಸ್ವಲ್ಪವೇ ತಾಗಿದ್ದರೂ ತುಪ್ಪಳದಡಿಯ ಗಾಯ ಕಣ್ಣಿಗೆ ಕಾಣದೆ ಕೀವಾಗುವುದರಿಂದ ವೈದ್ಯರಿಗೆ ತೋರಿಸಲೇಬೇಕು.

ಒಂಟಿ ಮೊಲಕ್ಕೆ ಜೊತೆಯಾಗಲಿ ಎಂದು ನಾಯಿಯನ್ನು ತರುವ ಯೋಚನೆ ಕೆಲವರಿಗಿದೆ. ಮೊಲಕ್ಕೆ ಬೇಕಾದ ಜೊತೆ ಇನ್ನೊಂದು ಮೊಲ. ಗಂಡು ಹೆಣ್ಣನ್ನು ಜೋಡಿಯಾಗಿ ಇಡುವ ಮೊದಲೇ ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ಪಶುವೈದ್ಯರೊಂದಿಗೆ ಮಾತಾಡಿಕೊಳ್ಳಿ. ಮೊಲದ ಗರ್ಭಾವಧಿ ಸುಮಾರು 31 ದಿನ ಮಾತ್ರ.