ಶನಿವಾರದ ಒಂದು ಸುತ್ತು

ಕೇಳುಗರಿಗೆ ನಮಸ್ಕಾರ.

ಕಬ್ಬಿನ ಹಂಗಾಮಿನಲ್ಲಿ ಮುಧೋಳದಿಂದ ಜಮಖಂಡಿಗೆ ಬೈಕಿನ ಮೇಲೆ ಹೋದವರಿಗೆ ನಾನು ಇವತ್ತು ಹೇಳುವ ಮಾತಿನಲ್ಲಿ ಅರ್ಧ ಆಗಲೇ ಗೊತ್ತಿದೆ. ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್, ಎರಡೂ ಬದಿಗೆ ಚಾಚಿದ ಕಬ್ಬು, ಎದುರಿಗೆ ಬಸ್ಸು. ನಿಮ್ಮ ಗಾಡಿ ಎಷ್ಟೇ ಜೋರಿನದಿರಲಿ, ಟ್ರ್ಯಾಕ್ಟರಿನ ವೇಗವೇ ನಿಮ್ಮ ವೇಗ. ಅದು ರಸ್ತೆಗೆ ಬೀಳುವ ಮೊದಲೇ ನೀವು ಊರು ಬಿಟ್ಟಿದ್ದರೆ ಮಾತ್ರ ಬಚಾವು.

ಮೊನಾಕೊದ ಕಾರು ಓಟವೂ ಹೀಗೆಯೇ. ಕಡಲಂಚಿನ ಆ ಪುಟ್ಟ ರಾಜ್ಯದಲ್ಲಿ 1929ರಲ್ಲಿ ಗ್ರ್ಯಾಂಡ್ ಪ್ರೀ ಎಂಬ ದೊಡ್ಡ ಓಟ ಶುರುವಾಯಿತು. ಅದಕ್ಕೆಂದು ಕಟ್ಟಿದ ಮೈದಾನವಿಲ್ಲ. ಊರ ಬೀದಿಗಳಿಗೇ ಕಬ್ಬಿಣದ ತಡೆಗೋಡೆ ಹಾಕಿ ಓಡಿಸುತ್ತಾರೆ. ಒಂದು ಸುತ್ತಿಗೆ 3.337 ಕಿಲೋಮೀಟರ್, ಅಂಥವು 78. ಸುಮಾರು ಎರಡು ಮೀಟರ್ ಅಗಲ, ಐದು ಮೀಟರಿಗೂ ಮಿಕ್ಕಿದ ಉದ್ದದ ಕಾರು ಆ ಸಂದಿಯಲ್ಲಿ ಇನ್ನೊಂದನ್ನು ಹಿಂದೆ ಹಾಕಬೇಕಾದರೆ, ಬಹಳ ಸಲ ಮುಂದಿನವನೇ ತಪ್ಪು ಮಾಡಬೇಕು. ಆದ್ದರಿಂದ ಹೊರಡುವಾಗ ಸಾಲಿನ ಮುಂದೆ ನಿಲ್ಲುವವರು ಯಾರು ಎಂಬುದೇ ದೊಡ್ಡ ಪ್ರಶ್ನೆ. ಆರಂಭದಲ್ಲಿ ಅದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. 1933ರಲ್ಲಿ ಇದೇ ಮೊನಾಕೊದಲ್ಲಿ, ಗ್ರ್ಯಾಂಡ್ ಪ್ರೀಗಳಲ್ಲೇ ಮೊದಲ ಬಾರಿಗೆ, ಅಭ್ಯಾಸದಲ್ಲಿ ಬೇಗ ಸುತ್ತಿದವರನ್ನು ಮುಂದೆ ನಿಲ್ಲಿಸಿದರು. ಇವತ್ತು ಕ್ವಾಲಿಫೈಯಿಂಗ್ ಎನ್ನುವುದರ ಬೇರು ಅಲ್ಲಿದೆ. ಬೀದಿಯ ಇಕ್ಕಟ್ಟೇ ಈ ಪದ್ಧತಿಯನ್ನು ಹುಟ್ಟಿಸಿತೆಂದು ನನ್ನ ಭಾವನೆ.

ನನ್ನ ಅಕ್ಕನ ಮಗ ರವಿವಾರದ ಓಟ ಮಾತ್ರ ನೋಡುವವನು. 2024ರ ಮೊನಾಕೊ ಮುಗಿದ ಸಂಜೆ, "ಮಾಮಾ, ಏನೈತಿ ಇದರಾಗ? ಹ್ಯಾಂಗ ನಿಂತಿದ್ರೋ ಹಂಗ ಬಂದ್ರು" ಅಂದ. ಅವನ ಮಾತು ನಿಜ. ಆ ದಿನ ಮೊದಲ ಹತ್ತು ಜನ ಯಾವ ಸಾಲಿನಲ್ಲಿ ಹೊರಟಿದ್ದರೋ ಅದೇ ಸಾಲಿನಲ್ಲಿ ಮುಗಿಸಿದರು. ಫಾರ್ಮುಲಾ ಒನ್ ಎಂಬ ಈ ವಿಶ್ವ ಪಂದ್ಯಾವಳಿಯ ಚರಿತ್ರೆಯಲ್ಲಿ ಹಿಂದೆಂದೂ ಹಾಗೆ ಆಗಿರಲಿಲ್ಲ. ಆದರೆ ಅವನು ನೋಡದೇ ಬಿಟ್ಟದ್ದು ಹಿಂದಿನ ದಿನದ್ದು. ಶಾರ್ಲ್ ಲೆಕ್ಲೆರ್ ತನ್ನ ಹುಟ್ಟೂರಿನ ಬೀದಿಗಳಲ್ಲಿ 1 ನಿಮಿಷ 10.270 ಸೆಕೆಂಡಿಗೆ ಸುತ್ತು ಮುಗಿಸಿ ಪೋಲ್, ಅಂದರೆ ಸಾಲಿನ ಮೊದಲ ಜಾಗ, ಹಿಡಿದದ್ದು ಶನಿವಾರ. ಓಟ ಗೆದ್ದದ್ದು ಅಲ್ಲಿಯೇ. 1931ರಲ್ಲಿ ಲೂಯಿ ಶಿರಾನ್ ಗೆದ್ದ ಮೇಲೆ ಆ ಊರಿನವನೊಬ್ಬ ಅಲ್ಲಿ ಗೆದ್ದದ್ದು ಅದೇ ಮೊದಲು.

ನಮ್ಮ ಜಾತ್ರೆಗಳ ತೆರಬಂಡಿ ನೆನಪು ಮಾಡಿಕೊಳ್ಳಿ. ಅಲ್ಲಿ ಜೋಡಿಗೆ ಜೋಡಿ ಎದುರು ಓಡುವುದಿಲ್ಲ. ಒಂದೊಂದೇ ಜೋಡಿ ಎತ್ತು ಬಂದು, ಗೊತ್ತು ಮಾಡಿದ ಸಮಯದಲ್ಲಿ ಎಷ್ಟು ದೂರ ಎಳೆಯುತ್ತವೆ ಅನ್ನುವುದೇ ಲೆಕ್ಕ. ಜನ ಉಸಿರು ಬಿಗಿಹಿಡಿದು ನೋಡುವುದು ಆ ಒಂದು ಜೋಡಿಯನ್ನು, ಆ ಗಡಿಯಾರವನ್ನು. ಕ್ವಾಲಿಫೈಯಿಂಗ್ ಕೂಡ ಇಂಥದ್ದೇ ಪಂದ್ಯ. ಮೂರು ಕಂತು, ಮೊದಲೆರಡರಲ್ಲಿ ನಿಧಾನದವರು ಉದುರುತ್ತಾರೆ, ಕೊನೆಗೆ ಉಳಿಯುವುದು ಹತ್ತು ಕಾರು.

ತೆರಬಂಡಿಯಲ್ಲಿ ನೆಲ ನೋಡುವ ಹಿರಿಯರಿರುತ್ತಾರಲ್ಲ, ಇಲ್ಲಿಯೂ ನೆಲ ನೋಡಬೇಕು. ಬೀದಿ ಅಂದರೆ ರಾತ್ರಿ ಮತ್ತೆ ಊರಿನವರ ಗಾಡಿ ಓಡಾಡುವ ರಸ್ತೆ. ಧೂಳು, ಎಣ್ಣೆ, ಬಳಿದ ಬಿಳಿ ಪಟ್ಟಿ. ಕಾರುಗಳು ಸುತ್ತಿದಂತೆಲ್ಲ ಟೈರಿನ ರಬ್ಬರು ರಸ್ತೆಗೆ ಹತ್ತಿ ಹಿಡಿತ ಬರುತ್ತದೆ, ನಿಮಿಷ ನಿಮಿಷಕ್ಕೂ ವೇಗ ಏರುತ್ತದೆ. ಹಾಗಾಗಿ ಎಲ್ಲರಿಗೂ ಕೊನೆಯ ಸುತ್ತೇ ಬೇಕು. ಆದರೆ ಕೊನೆಗೆ ಉಳಿಸಿಕೊಂಡವನ ಮುಂದೆ ಯಾರಾದರೂ ಗೋಡೆಗೆ ಬಡಿದರೆ ಹಳದಿ ಬಾವುಟ, ವೇಗ ಇಳಿಸಬೇಕು. ಕೆಂಪು ಬಂದರೆ ಎಲ್ಲರೂ ನಿಲ್ಲಬೇಕು, ಮುಗಿಯಿತು. 2006ರಲ್ಲಿ ಮೈಕೆಲ್ ಶುಮಾಕರ್ ತನ್ನ ಸಮಯ ಬರೆಸಿಯಾದ ಮೇಲೆ ರಾಸ್ಕಾಸ್ ತಿರುವಿನಲ್ಲಿ ಕಾರು ನಿಲ್ಲಿಸಿಬಿಟ್ಟ. ಹಿಂದೆ ಬರುತ್ತಿದ್ದ ಎದುರಾಳಿ ಅಲೊನ್ಸೊನ ಸುತ್ತು ಕೆಟ್ಟಿತು. ಬೇಕೆಂದೇ ಮಾಡಿದ್ದೆಂದು ತೀರ್ಪುಗಾರರು ಅವನನ್ನು ಸಾಲಿನ ಕೊನೆಗೆ ತಳ್ಳಿದರು. ಏಳು ಸಲ ವಿಶ್ವ ಚಾಂಪಿಯನ್ ಆದವನು ಒಂದು ಶನಿವಾರದ ಜಾಗಕ್ಕಾಗಿ ಅಷ್ಟು ಮಾಡಿದನೆಂದರೆ ಆ ಜಾಗದ ಬೆಲೆ ಎಷ್ಟಿರಬೇಕು! ನನಗೆ ಅವನು ಮಾಡಿದ್ದು ಇವತ್ತಿಗೂ ನೋವಿನ ಸಂಗತಿ.

ಇದಕ್ಕೆ ಎದುರಾಗಿ ನಾನು ಇಟ್ಟುಕೊಂಡಿರುವ ಚಿತ್ರ 1988ರ ಮೊನಾಕೊದ್ದು. ಆಯರ್ಟನ್ ಸೆನ್ನಾ ಮತ್ತು ಆಲನ್ ಪ್ರಾಸ್ಟ್, ಇಬ್ಬರದೂ ಒಂದೇ ಮೆಕ್ಲಾರೆನ್ ತಂಡ, ಒಂದೇ ನಮೂನೆಯ ಕಾರು. ಕ್ವಾಲಿಫೈಯಿಂಗಿನಲ್ಲಿ ಸೆನ್ನಾ ಪ್ರಾಸ್ಟ್‌ಗಿಂತ 1.427 ಸೆಕೆಂಡು ಬೇಗ ಸುತ್ತಿದ. ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಜಗಳವಾಡುವ ಆಟದಲ್ಲಿ ಇದು ನಂಬಲಾಗದ ಅಂತರ. ಮರುದಿನ ಅವನೇ ಮುಂದಿದ್ದ; 67ನೇ ಸುತ್ತಿನಲ್ಲಿ, ಹಿಂದೆ ಯಾರೂ ಹತ್ತಿರವಿಲ್ಲದಾಗ, ಪೋರ್ಟಿಯೆ ತಿರುವಿನಲ್ಲಿ ತಡೆಗೋಡೆಗೆ ಬಡಿದ. ಗೆದ್ದದ್ದು ಪ್ರಾಸ್ಟ್.

ಹಾಗಾದರೆ ಪೋಲ್ ಯಾರದು, ಓಟ ಯಾರದು ಎಂದು ಮೊದಲೇ ಹೇಳುವುದು ಹೇಗೆ? ದುಡ್ಡು ಕಟ್ಟುವ ಮಾತಲ್ಲ. ಅಳಿಯನೂ ನಾನೂ ಕ್ಯಾಲೆಂಡರಿನ ಹಿಂದೆ ಹೆಸರು ಬರೆದಿಡುವ ಮಾತು. ಶುಕ್ರವಾರದ ಸಮಯಗಳನ್ನು ನಾನು ನಂಬುವುದಿಲ್ಲ, ಯಾರ ಕಾರಿನಲ್ಲಿ ಎಷ್ಟು ಇಂಧನವಿತ್ತೋ ನಮಗೆ ಕಾಣುವುದಿಲ್ಲ. ನೋಡುವುದು ಗೋಡೆಗೆ ಯಾರು ಎಷ್ಟು ಹತ್ತಿರ ಹೋಗುತ್ತಾರೆ, ಪ್ರತಿ ಸುತ್ತಿಗೂ ಅಷ್ಟೇ ಹತ್ತಿರ ಹೋಗುತ್ತಾರೋ ಎಂದು. ಮೊನಾಕೊದ ರವಿವಾರದ ಓಟಕ್ಕೆ ಪೋಲ್ ಹಿಡಿದವನ ಹೆಸರೇ ನನ್ನದು. 2025ರಲ್ಲಿ ಎಲ್ಲರೂ ಎರಡು ಸಲ ಟೈರು ಬದಲಿಸಲೇಬೇಕೆಂಬ ನಿಯಮ ತಂದರು, ಸಾಲು ಕದಲಲಿ ಎಂದು. ಕದಲಲಿಲ್ಲ: ನಾರಿಸ್, ಲೆಕ್ಲೆರ್, ಪಿಯಾಸ್ಟ್ರಿ, ವೆರ್ಸ್ಟಾಪೆನ್, ನಿಂತ ಕ್ರಮದಲ್ಲೇ ಮುಗಿಸಿದರು. ಮಳೆ ಬಂದರೆ ಮಾತ್ರ ಬರೆದದ್ದನ್ನು ಅಳಿಸುತ್ತೇನೆ. 1996ರ ಒದ್ದೆ ಬೀದಿಯಲ್ಲಿ 14ನೇ ಜಾಗದಿಂದ ಹೊರಟ ಒಲಿವಿಯೆ ಪಾನಿಸ್ ಗೆದ್ದ, ಕೊನೆಯ ಗೆರೆ ದಾಟಿದ್ದು ಮೂರೇ ಕಾರು.

ಅಜೆರ್ಬೈಜಾನಿನ ಬಾಕು ಊರಿನ ಬೀದಿ ಓಟ ಬೇರೆ. ಅಲ್ಲಿ ಹಳೇ ಕೋಟೆಗೋಡೆಯ ಪಕ್ಕದಲ್ಲಿ ರಸ್ತೆ 7.6 ಮೀಟರಿಗೆ ಇಳಿಯುತ್ತದೆ, ಆಮೇಲೆ ಎರಡು ಕಿಲೋಮೀಟರಿಗೂ ಉದ್ದದ ನೇರ ಓಟ ಸಿಗುತ್ತದೆ. ಮುಂದಿನ ಕಾರು ಸೀಳಿದ ಗಾಳಿಯಲ್ಲಿ ನುಗ್ಗಿ ಹಿಂದಿನವನು ದಾಟಬಲ್ಲ. 2017ರಲ್ಲಿ ಹತ್ತನೇ ಜಾಗದಿಂದ ರಿಕಾರ್ಡೊ ಗೆದ್ದದ್ದು ಅಲ್ಲಿಯೇ. ನಮ್ಮ ಹತ್ತಿರದ ಹೈದರಾಬಾದಿನಲ್ಲಿ, ಹುಸೇನ್ ಸಾಗರದ ದಂಡೆಗೆ, 2023ರ ಫೆಬ್ರುವರಿ 11ರಂದು ಫಾರ್ಮುಲಾ ಇ, ಅಂದರೆ ವಿದ್ಯುತ್ ಕಾರುಗಳ ಓಟ, ನಡೆದಾಗ ಪೋಲ್ ಹಿಡಿದದ್ದು ಮಿಚ್ ಎವಾನ್ಸ್. ಅವನ ತಂಡದವನೇ ಬಂದು ಗುದ್ದಿ ಇಬ್ಬರೂ ಹೊರಬಿದ್ದರು, ವೆರ್ನ್ಯ ಗೆದ್ದ.

ಬೆಂಗಳೂರಿನ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಒನ್‌ಗೆ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ ಟು ಪಂದ್ಯದ ಸ್ಪ್ರಿಂಟ್ ಎಂಬ ಚಿಕ್ಕ ಓಟ ಗೆದ್ದಾಗ ನಾನು ಎದ್ದು ನಿಂತಿದ್ದೆ. ಆ ಓಟದಲ್ಲಿ ಕ್ವಾಲಿಫೈಯಿಂಗಿನ ಮೊದಲ ಹತ್ತು ಜನರನ್ನು ತಿರುವಿ ನಿಲ್ಲಿಸುತ್ತಾರೆ. ಹತ್ತನೆಯವನು ಮೊದಲಿಗನಾದ, ಮೊದಲಿಗನಾಗಿಯೇ ಕೊನೆಯವರೆಗೂ ಬಂದ.

ಈಗ ಅಳಿಯ ಶನಿವಾರವೂ ಬರುತ್ತಾನೆ. ಮೊನಾಕೊದ ಕ್ವಾಲಿಫೈಯಿಂಗ್ ನಮಗೆ ಸಂಜೆ ಏಳೂವರೆಗೆ. ಅವನು ಏಳಕ್ಕೇ ಬಂದು ಕ್ಯಾಲೆಂಡರ್ ಕೆಳಗಿಳಿಸಿರುತ್ತಾನೆ. "ಮಾಮಾ, ನೀ ಮೊದಲು ಬರಿ" ಅನ್ನುತ್ತಾನೆ. ನಾನು ಮೊದಲ ಕಂತು ಮುಗಿಯುವವರೆಗೂ ಪೆನ್ನು ಮುಟ್ಟುವುದಿಲ್ಲ.

ನಮಸ್ಕಾರ.