ಕೊರ್ಬಾನ್ ಅಂದುಬಿಟ್ಟರೆ ಆಯಿತಾ?

ಪ್ರೀತಿಯ ಸಹೋದರ ಸಹೋದರಿಯರೇ, ಬಡ ವಿಧವೆಯ ಎರಡು ಕಾಸಿನ ಕಥೆ ನಿಮಗೆಲ್ಲ ಬಾಯಿಪಾಠ. ಆದರೂ ಅಲ್ಲಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ಆ ಹೆಂಗಸನ್ನು ನಾವು ಕಾಣಿಕೆ ಪೆಟ್ಟಿಗೆಯ ಮುಂದೆಯೇ ಬಿಟ್ಟು ಬರುತ್ತೇವೆ. ಅವಳಿಗೂ ಒಂದು ಮನೆ ಇತ್ತು, ಅಲ್ವಾ?

ಅವಳ ಕೈಯಲ್ಲಿದ್ದದ್ದು ಎರಡು ಲೆಪ್ಟಾ, ಆ ಕಾಲದ ಅತಿ ಚಿಕ್ಕ ತಾಮ್ರದ ನಾಣ್ಯ. ಎರಡೂ ಸೇರಿದರೆ ಕೂಲಿಯವನ ಒಂದು ದಿನದ ಸಂಬಳದಲ್ಲಿ 64ನೇ ಒಂದು ಪಾಲು. ಗಮನಿಸಿ, ನಾಣ್ಯ ಎರಡಿತ್ತು! ಒಂದು ದೇವರಿಗೆ, ಒಂದು ನನಗೆ ಅನ್ನಬಹುದಿತ್ತು. ಯಾರೂ ತಪ್ಪು ಹುಡುಕುತ್ತಿರಲಿಲ್ಲ. ಅವಳು ಆ ಲೆಕ್ಕಕ್ಕೇ ಹೋಗಲಿಲ್ಲ, ಎರಡನ್ನೂ ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಹಾಕಿಬಿಟ್ಟಳು. ಯೇಸುಸ್ವಾಮಿ ಎದುರಿಗೆ ಕೂತು ನೋಡುತ್ತಿದ್ದರು. ಆದರೆ ಮೆಚ್ಚಿ ಹೇಳಿದ್ದು ಶಿಷ್ಯರನ್ನು ಹತ್ತಿರ ಕರೆದು. ಅವಳ ಕಿವಿಗೆ ಅದು ಬಿತ್ತು ಅಂತ ಈ ಕಥೆಯನ್ನು ಸುವಾರ್ತೆಯಲ್ಲಿ ಹೇಳುವ ಮಾರ್ಕ ಎಲ್ಲೂ ಬರೆದಿಲ್ಲ. ಮನೆಯಲ್ಲಿ ಕೊಡುವವರ ಪಾಡೂ ಇದೇ. ಮಗು ಅತ್ತಾಗ ರಾತ್ರಿ ಎದ್ದವರಿಗೆ ಯಾರು ರಸೀದಿ ಕೊಡುತ್ತಾರೆ?

ಒಂದು ಮಾತು ಸೇರಿಸಿಬಿಡುತ್ತೇನೆ. ಇದರ ಹಿಂದಿನ ವಚನದಲ್ಲೇ ಯೇಸು ವಿಧವೆಯರ ಮನೆ ನುಂಗುವ ಶಾಸ್ತ್ರಿಗಳನ್ನು ಖಂಡಿಸುತ್ತಾರೆ. ಇಲ್ಲದವರಿಂದ ಕಾಣಿಕೆ ಕಿತ್ತುಕೊಳ್ಳಲು ದಯವಿಟ್ಟು ಈ ಕಥೆಯನ್ನು ಬಳಸಬೇಡಿ.

ಇನ್ನು ಕೊರ್ಬಾನ್, ಅಂದರೆ ದೇವರಿಗೆ ಮೀಸಲಿಟ್ಟ ಕಾಣಿಕೆ. ಮಾರ್ಕನ 7ನೇ ಅಧ್ಯಾಯ. ಅಪ್ಪ ಅಮ್ಮನಿಗೆ ಸಲ್ಲಬೇಕಾದದ್ದನ್ನು 'ಇದು ದೇವರಿಗೆ ಮೀಸಲು' ಅಂದುಬಿಟ್ಟರೆ ಸಾಕು, ಅವರನ್ನು ನೋಡಿಕೊಳ್ಳುವ ಹೊಣೆ ತಪ್ಪುತ್ತಿತ್ತು. ಭಕ್ತಿಯ ಹೆಸರಿನಲ್ಲೇ ಲೆಕ್ಕ ಚುಕ್ತಾ! ಯೇಸುವಿಗೆ ಇದು ಸಹಿಸಲಾಗಲಿಲ್ಲ.

ಇದನ್ನು ಓದಿದಾಗಲೆಲ್ಲ ನನಗೆ ಎದೆ ಹಿಂಡುತ್ತದೆ. ನನ್ನ ಅಮ್ಮ ಹಾಸಿಗೆ ಹಿಡಿದಿದ್ದ ದಿನಗಳು. ಒಂದು ಸಂಜೆ, 'ಅರ್ಧ ಗಂಟೆ ಕೂತ್ಕೋ' ಅಂದರು. 'ಪ್ರಾರ್ಥನಾ ಕೂಟಕ್ಕೆ ಹೊತ್ತಾಯಿತು ಅಮ್ಮ' ಅಂದೆ. ಅವರು ಸುಮ್ನೆ ತಲೆಯಾಡಿಸಿದರು. ದಿಂಬಿನ ಪಕ್ಕದಲ್ಲಿದ್ದ ನನ್ನ ಬೈಬಲ್ಲನ್ನು ತಾವೇ ಎತ್ತಿ ಕೈಗೆ ಕೊಟ್ಟರು. ಆ ಕೈ ನಡುಗುತ್ತಿತ್ತು. ಅವತ್ತು ಕೂಟದಲ್ಲಿ ಅಮ್ಮನಿಗಾಗಿ ಬಹಳ ಹೊತ್ತು, ಗಟ್ಟಿಯಾಗಿ ಪ್ರಾರ್ಥಿಸಿದೆ. ಎಲ್ಲರೂ ಆಮೆನ್ ಅಂದರು. ಮನೆಯಲ್ಲಿ ಅವರು ಒಬ್ಬರೇ ಇದ್ದರು. ನಾನು ಹೇಳಿದ್ದೂ ಕೊರ್ಬಾನ್ ತಾನೇ?

ಸಮಯ ಮುಗಿಯುತ್ತಾ ಬಂತು. ಪೌಲನು ಕೊರಿಂಥದವರಿಗೆ ಹೇಳಿದ ಸಂತೋಷದ ಕೊಡುಗೆಯ ಬಗ್ಗೆ ಮಾತಾಡಬೇಕಿತ್ತು, ಬಿಡುತ್ತೇನೆ. ಫಾದರ್ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರನ್ನು ಮಾತ್ರ ಬಿಡಲಾರೆ. 1941, ನಾಜಿಗಳ ಆಶ್ವಿಟ್ಜ್ ಸೆರೆಶಿಬಿರ. ಹಸಿವಿನಿಂದ ಸಾಯಲು ಆರಿಸಿದವರಲ್ಲಿ ಒಬ್ಬ ಕೈದಿ ಹೆಂಡತಿ ಮಕ್ಕಳನ್ನು ನೆನೆದು ಅತ್ತ. ಇವರು ಮುಂದೆ ಬಂದು, ಅವನ ಜಾಗಕ್ಕೆ ತನ್ನನ್ನು ಕಳಿಸಿ ಅಂದರು. ಇವರಿಗೆ ಮನೆ, ಮಕ್ಕಳು ಇರಲಿಲ್ಲ. ಇನ್ನೊಬ್ಬನ ಮನೆಗಾಗಿ ಪ್ರಾಣ ಕೊಟ್ಟರು. ಆ ಕೈದಿ 1995ರವರೆಗೆ ಬದುಕಿದರು.

ಇಷ್ಟು ಸಾಕು. ಮನೆಯಲ್ಲಿ ಯಾರಾದರೂ ನಿಮ್ಮ ದಾರಿ ಕಾಯುತ್ತಿದ್ದರೆ ಕೊನೆಯ ಗೀತೆಗೆ ನಿಲ್ಲದಿದ್ದರೂ ಪರವಾಗಿಲ್ಲ, ಹೊರಡಿ.