ಮಗ್ಗದ ಮೇಲಲ್ಲ, ಮಜೂರಿಯ ಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಯುರೋಪಿನ ಕೈಗಾರಿಕಾ ಕ್ರಾಂತಿ ಮತ್ತು ಅದೇ ಕಾಲದ ದಂಗೆಗಳ ಬಗ್ಗೆ ಮಾತನಾಡಬೇಕೆಂದು ಬಾನುಲಿ ಕೇಂದ್ರದವರು ಕೇಳಿದಾಗ ನನ್ನ ಕಣ್ಣ ಮುಂದೆ ಬಂದವರು ಎರಡು ಬಗೆಯ ಕೇಳುಗರು. ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿಗಳು ಒಂದು ಕಡೆ. ಕಿಟಕಿಯ ಮೇಲೆ ರೇಡಿಯೊ ಇಟ್ಟುಕೊಂಡು ಮಗ್ಗದಲ್ಲಿ ಕುಳಿತಿರುವ ನೇಕಾರರು ಇನ್ನೊಂದು ಕಡೆ. ವಿದ್ಯಾರ್ಥಿಗಳೇ, ನೀವು ಬೇಸರ ಮಾಡಿಕೊಳ್ಳಬೇಡಿ, ಈ ಮಾತನ್ನು ನಾನು ಮೊದಲು ನೇಕಾರರಿಗೆ ಹೇಳುತ್ತಿದ್ದೇನೆ. ಕಥೆ ಅವರದು.

ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದ್ದೇನೆ. ಪ್ರತಿ ವರ್ಷವೂ ಉತ್ತರ ಪತ್ರಿಕೆಯಲ್ಲಿ ಒಂದೇ ವಾಕ್ಯ ಬರುತ್ತಿತ್ತು: 'ಯಂತ್ರಗಳು ಬಂದವು, ಜನರ ಕೆಲಸ ಹೋಯಿತು, ಆದ್ದರಿಂದ ಜನ ದಂಗೆ ಎದ್ದರು.' ಈ ವಾಕ್ಯದ ಕೆಳಗೆ ನಾನು ಎಷ್ಟು ಸಲ ಕೆಂಪು ಗೆರೆ ಎಳೆದಿದ್ದೇನೋ ಲೆಕ್ಕವಿಲ್ಲ. ಜನ ಯಂತ್ರದ ಮೇಲೆ ದಂಗೆ ಎದ್ದವರಲ್ಲ. ಅವರು ಎದ್ದದ್ದು ಮಜೂರಿಗಾಗಿ. ನಾನು ನೇಯ್ದ ಬಟ್ಟೆಗೆ, ನಾನು ನೂತ ನೂಲಿಗೆ ಎಷ್ಟು ಮಜೂರಿ ಎಂದು ಗೊತ್ತು ಮಾಡುವವರು ಯಾರು, ಆ ಮಾತುಕತೆಯಲ್ಲಿ ನನಗೂ ಒಂದು ಜಾಗ ಇದೆಯೇ ಇಲ್ಲವೇ? ಇಷ್ಟೇ ಪ್ರಶ್ನೆ. ಈ ಹೊತ್ತು ನೀವು ನೆನಪಿನಲ್ಲಿ ಇಟ್ಟುಕೊಳ್ಳಬೇಕಾದದ್ದೂ ಇಷ್ಟೇ.

ಮೊದಲು ಇಂಗ್ಲೆಂಡಿಗೆ ಹೋಗಿ ಬರೋಣ. ಆರ್ಕ್‌ರೈಟ್ 1769ರಲ್ಲಿ ನೀರಿನ ಬಲದಿಂದ ನೂಲುವ ಯಂತ್ರಕ್ಕೆ ಹಕ್ಕುಪತ್ರ, ಎಂದರೆ ಪೇಟೆಂಟ್, ಪಡೆದ. ಅದೇ ವರ್ಷ ಜೇಮ್ಸ್ ವಾಟ್ ತನ್ನ ಉಗಿಯಂತ್ರದ ಸುಧಾರಣೆಗೆ ಹಕ್ಕುಪತ್ರ ಪಡೆದ. ಕಾರ್ಟ್‌ರೈಟ್‌ನ ವಿದ್ಯುತ್ತಿಲ್ಲದ ಕಾಲದ ಯಂತ್ರಮಗ್ಗ 1785ರಲ್ಲಿ ಬಂತು. ಇವೆಲ್ಲ ನಿಮ್ಮ ಪಠ್ಯದಲ್ಲಿವೆ, ನಾನು ಮತ್ತೆ ಹೇಳುವುದಿಲ್ಲ. ಪಠ್ಯ ಹೇಳದ ಮಾತು ಬೇರೆ ಇದೆ. 1811ರಲ್ಲಿ ನಾಟಿಂಗ್‌ಹ್ಯಾಮ್ ಸುತ್ತಮುತ್ತ ಲುಡ್ಡೈಟರು ಎಂಬ ಹೆಸರಿನಲ್ಲಿ ಕಾರ್ಮಿಕರು ರಾತ್ರೋರಾತ್ರಿ ಯಂತ್ರಗಳನ್ನು ಒಡೆದರಲ್ಲ, ಅವು ಯಾವ ಯಂತ್ರಗಳು ಗೊತ್ತೇ? ಕಾಲುಚೀಲ ಹೆಣೆಯುವ ಚೌಕಟ್ಟುಗಳು. ಅದನ್ನು ವಿಲಿಯಂ ಲೀ ಎಂಬಾತ ಕಂಡುಹಿಡಿದದ್ದು 1589ರಲ್ಲಿ! ಇನ್ನೂರು ವರ್ಷಕ್ಕೂ ಹಳೆಯ ಯಂತ್ರ. ಒಡೆದವರ ಅಜ್ಜ, ಮುತ್ತಜ್ಜ ಅದರ ಮೇಲೇ ಕೆಲಸ ಮಾಡಿ ಉಂಡವರು. ಅಷ್ಟು ಕಾಲ ಸಾಕಿದ ಯಂತ್ರವನ್ನು ಒಂದು ದಿನ ಏಕೆ ಒಡೆಯುತ್ತಾರೆ? ಮಜೂರಿ ಇಳಿಸಿದ ಮಾಲೀಕನ ಚೌಕಟ್ಟನ್ನು ಒಡೆದರು, ಅಗ್ಗದ ಕಳಪೆ ಮಾಲು ಮಾಡಿಸಿದವನದನ್ನು ಒಡೆದರು. ಹಳೆಯ ದರವನ್ನೇ ಕೊಡುತ್ತಿದ್ದವನ ಚೌಕಟ್ಟನ್ನು ಮುಟ್ಟದೆ ಬಿಟ್ಟರು. ಹೀಗೆ ಆರಿಸಿ ಒಡೆದವರನ್ನು ಯಂತ್ರದ್ವೇಷಿಗಳು ಎನ್ನುವುದು ಅನ್ಯಾಯ. ಸರ್ಕಾರ 1812ರಲ್ಲಿ ಚೌಕಟ್ಟು ಒಡೆದರೆ ಮರಣದಂಡನೆ ಎಂದು ಕಾನೂನು ಮಾಡಿತು. ಕೆಲಸಗಾರರು ಒಟ್ಟುಗೂಡಿ ಮಜೂರಿ ಕೇಳುವುದು ಅಪರಾಧ ಎಂಬ ಕಾನೂನು 1799ರಲ್ಲೇ ಬಂದಿತ್ತು. ಬಾಯಿಬಿಟ್ಟು ಕೇಳುವಂತಿಲ್ಲ ಎಂದ ಮೇಲೆ ಜನ ಸುತ್ತಿಗೆ ಹಿಡಿದರು.

ಫ್ರಾನ್ಸಿನಲ್ಲೂ ಇದೇ. 1789ರ ಕ್ರಾಂತಿ ಎಂದರೆ ಎಲ್ಲರಿಗೂ ಜುಲೈ 14, ಬಾಸ್ಟೀಲ್ ಸೆರೆಮನೆ ನೆನಪಾಗುತ್ತದೆ. ಅದಕ್ಕೂ ಮುಂಚೆ ಏಪ್ರಿಲ್ ಕೊನೆಯಲ್ಲಿ ಪ್ಯಾರಿಸ್ಸಿನ ಕಾರ್ಮಿಕರ ಬಡಾವಣೆಯಲ್ಲಿ ರೆವೆಯೋಂ ಎಂಬ ಗೋಡೆಕಾಗದದ ಕಾರ್ಖಾನೆಯ ಮಾಲೀಕನ ಮನೆ ಧ್ವಂಸವಾಯಿತು. ಆತ ದಿನಗೂಲಿಯನ್ನು 15 ಸೂ ನಾಣ್ಯಕ್ಕೆ ಇಳಿಸುತ್ತಾನೆ ಎಂಬ ಸುದ್ದಿ ಹಬ್ಬಿತ್ತು. ಆಗ ಪ್ಯಾರಿಸ್ಸಿನಲ್ಲಿ ನಾಲ್ಕು ಪೌಂಡಿನ ಒಂದು ಬ್ರೆಡ್ಡಿಗೆ ಹದಿನಾಲ್ಕೂವರೆ ಸೂ ಬೆಲೆ. ಇಡೀ ದಿನ ದುಡಿದರೆ ಒಂದು ಬ್ರೆಡ್ಡು ಮಾತ್ರ! ಲೆಕ್ಕ ಹಾಕಿ ನೋಡಿ, ಮನೆಯಲ್ಲಿ ಉಳಿದವರು ಏನು ತಿನ್ನಬೇಕು, ಬಾಡಿಗೆ ಎಲ್ಲಿಂದ ಬರಬೇಕು? ಆ ದಂಗೆಯನ್ನು ಸೈನಿಕರು ಗುಂಡು ಹಾರಿಸಿ ಅಡಗಿಸಿದರು. ಮುಂದೆ ಕ್ರಾಂತಿ ಗೆದ್ದಿತು, ಸ್ವಾತಂತ್ರ್ಯ, ಸಮಾನತೆ ಎಂದು ಸಾರಿತು. ಅದೇ ಕ್ರಾಂತಿಯ ಸಭೆ 1791ರ ಜೂನ್ 14ರಂದು ಲೆ ಶಪೆಲಿಯೇ ಕಾನೂನು ಎಂಬುದನ್ನು ತಂದು, ಕೆಲಸಗಾರರು ಸಂಘ ಕಟ್ಟಬಾರದು, ಸೇರಿ ದರ ಗೊತ್ತು ಮಾಡಬಾರದು ಎಂದಿತು. ಈ ಕಾನೂನಿನ ಹೆಸರನ್ನು ನೆನಪಿಡಿ. ನಲವತ್ತು ವರ್ಷದ ನಂತರ ಅದು ಒಂದು ಊರಿಗೇ ಬೆಂಕಿ ಇಟ್ಟಿತು.

ಆ ಊರು ಲಿಯಾನ್. ರೋನ್, ಸೋನ್ ಎಂಬ ಎರಡು ನದಿಗಳು ಕೂಡುವ ರೇಷ್ಮೆಯ ಊರು. ಎರಡು ನದಿಗಳ ನಡುವೆ ಕ್ರುವಾ ರೂಸ್ ಎಂಬ ಗುಡ್ಡ, ಗುಡ್ಡದ ತುಂಬ ನೇಕಾರರ ಮನೆಗಳು. ಆ ಮನೆಗಳ ಸೂರು ಸುಮಾರು 13 ಅಡಿ ಎತ್ತರ. ಬಡವರ ಮನೆಗೆ ಅಷ್ಟು ಎತ್ತರದ ಸೂರು ಏಕೆ? ಜಕಾರ್ಡ್ ಮಗ್ಗ ಹಿಡಿಸಬೇಕಲ್ಲ, ಅದಕ್ಕೆ.

ನೇಕಾರ ಬಂಧುಗಳೇ, ಜಕಾರ್ಡ್ ಎಂದರೆ ನಿಮಗೆ ವಿವರಿಸಬೇಕಾಗಿಲ್ಲ. ವಿದ್ಯಾರ್ಥಿಗಳಿಗಾಗಿ ಹೇಳುತ್ತೇನೆ. ದೊಡ್ಡಬಳ್ಳಾಪುರದಲ್ಲಿ ಒಮ್ಮೆ ಒಬ್ಬರ ಮನೆಯಲ್ಲಿ ನಾನು ಇಡೀ ಮಧ್ಯಾಹ್ನ ಇದನ್ನೇ ನೋಡುತ್ತ ಕುಳಿತಿದ್ದೆ. ಮಗ್ಗದ ನೆತ್ತಿಯ ಮೇಲೆ ಒಂದು ಪೆಟ್ಟಿಗೆ. ಅದರಿಂದ ರಟ್ಟಿನ ಪಟ್ಟಿಗಳನ್ನು ಒಂದಕ್ಕೊಂದು ಹೊಲಿದ ಉದ್ದನೆಯ ಸರ ಇಳಿಬಿದ್ದಿರುತ್ತದೆ. ಪ್ರತಿ ಪಟ್ಟಿಯಲ್ಲೂ ತೂತುಗಳು. ತೂತು ಇರುವ ಕಡೆ ಸೂಜಿ ಒಳಹೋಗುತ್ತದೆ, ಅದಕ್ಕೆ ಸೇರಿದ ಹಾಸಿನ ಎಳೆ, ಎಂದರೆ ಉದ್ದದ ಎಳೆ, ಮೇಲೇಳುತ್ತದೆ. ತೂತಿಲ್ಲದ ಕಡೆ ಎಳೆ ಕೆಳಗೇ ಉಳಿಯುತ್ತದೆ. ನಡುವೆ ಲಾಳಿ ಓಡಿ ಹೊಕ್ಕಿನ ಎಳೆ, ಎಂದರೆ ಅಡ್ಡ ಎಳೆ, ಸೇರುತ್ತದೆ. ಟಕ್ ಎಂದು ಒಂದು ಪಟ್ಟಿ ಹೊರಳುತ್ತದೆ, ಹೂವಿನ ಒಂದು ಸಾಲು ಮುಗಿಯುತ್ತದೆ. ಮತ್ತೆ ಟಕ್, ಮತ್ತೊಂದು ಸಾಲು. ನೋಡುತ್ತ ಕುಳಿತರೆ ಸೆರಗಿನಲ್ಲಿ ನವಿಲು ಕೊರಳೆತ್ತುತ್ತದೆ. ಈ ಅದ್ಭುತ ಹುಟ್ಟಿದ್ದು ಲಿಯಾನಿನಲ್ಲಿ. ಜೋಸೆಫ್ ಮರಿ ಜಕಾರ್ಡ್, ನೇಕಾರನ ಮಗ, 1804ರ ಸುಮಾರಿಗೆ ಇದನ್ನು ಸಿದ್ಧಪಡಿಸಿದ. ಅದಕ್ಕೂ ಮುಂಚೆ ಹೂವು ನೇಯಲು ಮಗ್ಗದ ಪಕ್ಕದಲ್ಲಿ ಇನ್ನೊಬ್ಬರು, ಬಹಳ ಸಲ ಮಕ್ಕಳು, ಕುಳಿತು ದಾರ ಎಳೆಯುತ್ತಲೇ ಇರಬೇಕಿತ್ತು. ಆರಂಭದಲ್ಲಿ ನೇಕಾರರು ಈ ಮಗ್ಗವನ್ನು ವಿರೋಧಿಸಿದ್ದು ನಿಜ. 1831ರ ಹೊತ್ತಿಗೆ ಅದೇ ಮಗ್ಗ ಅವರ ಸ್ವಂತ ಆಸ್ತಿಯಾಗಿತ್ತು.

ಹಾಗಾದರೆ ಕಷ್ಟ ಎಲ್ಲಿತ್ತು? ಮಗ್ಗ ನೇಕಾರನದು, ರೇಷ್ಮೆ ಸಾಹುಕಾರನದು, ವಿನ್ಯಾಸವೂ ಸಾಹುಕಾರನದು. ಸಾಹುಕಾರ ರೇಷ್ಮೆ ಕೊಟ್ಟು, ಇಷ್ಟು ಅಳತೆಗೆ ಇಷ್ಟು ಮಜೂರಿ ಎನ್ನುತ್ತಾನೆ. ಬಂದ ಮಜೂರಿಯಲ್ಲಿ ಅರ್ಧ ಮಗ್ಗದ ಯಜಮಾನನಿಗೆ, ಅರ್ಧ ಅವನ ಮನೆಯಲ್ಲೇ ಇದ್ದು ನೇಯುವ ಕೂಲಿ ನೇಕಾರನಿಗೆ. ಇಂಥ ಯಜಮಾನರು 8,000, ಕೂಲಿ ನೇಕಾರರು ಸುಮಾರು 30,000. ಈ ಏರ್ಪಾಡು ನಿಮಗೆ ಪರಿಚಿತವಾಗಿ ಕೇಳಿಸುತ್ತಿದೆಯಲ್ಲವೇ? ಮಜೂರಿ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂತು. ದಿನಕ್ಕೆ 15 ಗಂಟೆ ನೇಯ್ದರೂ ಹೊಟ್ಟೆ ತುಂಬದಾಯಿತು.

ನೇಕಾರರು ಮೊದಲು ಕಲ್ಲು ಎತ್ತಿಕೊಳ್ಳಲಿಲ್ಲ, ಅರ್ಜಿ ಬರೆದರು. ನಮಗೊಂದು ದರಪಟ್ಟಿ ಮಾಡಿಕೊಡಿ, ಇದಕ್ಕಿಂತ ಕೆಳಗೆ ಯಾರೂ ಕೊಡಬಾರದು ಎಂದು ಕೇಳಿದರು. ಪ್ರಿಫೆಕ್ಟ್ ಎಂದರೆ ನಮ್ಮ ಜಿಲ್ಲಾಧಿಕಾರಿಯಂಥ ಹುದ್ದೆ. ಆಗ ಆ ಹುದ್ದೆಯಲ್ಲಿದ್ದವರು ಬೂವಿಯೇ ದ್ಯುಮೊಲಾರ್. ಅವರು ಎರಡೂ ಕಡೆಯವರನ್ನು ಒಂದೇ ಮೇಜಿಗೆ ಕರೆದರು. 1831ರ ಅಕ್ಟೋಬರ್ 25ರಂದು ದರಪಟ್ಟಿಗೆ ಒಪ್ಪಿಗೆಯಾಯಿತು. ನನ್ನ ಪಾಲಿಗೆ ಇದು ಜುಲೈ 14ರಷ್ಟೇ ದೊಡ್ಡ ದಿನ. ನೇಕಾರ ಮತ್ತು ಸಾಹುಕಾರ ಎದುರುಬದುರು ಕುಳಿತು ಮಜೂರಿ ಮಾತನಾಡಿದರು! ನವೆಂಬರ್ 1ರಿಂದ ಅದು ಜಾರಿಗೆ ಬರಬೇಕಿತ್ತು.

ನೂರಕ್ಕೂ ಹೆಚ್ಚು ಸಾಹುಕಾರರು ಒಪ್ಪಲಿಲ್ಲ. ದರ ಕಟ್ಟುವುದು ವ್ಯಾಪಾರದ ಸ್ವಾತಂತ್ರ್ಯಕ್ಕೆ ವಿರುದ್ಧ, ಕ್ರಾಂತಿಯ ಕಾನೂನಿಗೆ ವಿರುದ್ಧ ಎಂದರು. ನೆನಪಿದೆಯಲ್ಲ, ಲೆ ಶಪೆಲಿಯೇ? ಪ್ಯಾರಿಸ್ಸಿನಲ್ಲಿದ್ದ ಪ್ರಧಾನಿ ಕಾಸಿಮೀರ್ ಪೆರಿಯೇ ಅವರ ಸರ್ಕಾರವೂ ಸಾಹುಕಾರರ ಪಕ್ಷ ಹಿಡಿಯಿತು. ನವೆಂಬರ್ 21, ಸೋಮವಾರ. ನೇಕಾರರು ಮಗ್ಗ ನಿಲ್ಲಿಸಿ ಗುಡ್ಡದ ಕಡಿದಾದ ಬೀದಿಯಲ್ಲಿ ಇಳಿದು ಬಂದರು. ಎದುರಿಗೆ ರಾಷ್ಟ್ರೀಯ ಕಾವಲು ದಳ, ಅದರಲ್ಲಿ ಸಾಹುಕಾರರೇ ಬಂದೂಕು ಹಿಡಿದು ನಿಂತಿದ್ದರು. ಗುಂಡು ಹಾರಿತು. ನೇಕಾರರು ಕಪ್ಪು ಬಾವುಟ ಎತ್ತಿದರು. ಅದರ ಮೇಲೆ ಬರೆದದ್ದು: 'ದುಡಿದು ಬದುಕುತ್ತೇವೆ, ಇಲ್ಲವೇ ಹೋರಾಡಿ ಸಾಯುತ್ತೇವೆ.' ಯಂತ್ರ ಬೇಡ ಎಂದು ಬರೆದಿರಲಿಲ್ಲ, ಗಮನಿಸಿ. ಎರಡು ದಿನದ ಕಾಳಗದಲ್ಲಿ ಎರಡೂ ಕಡೆ ಸೇರಿ ನೂರಾರು ಮಂದಿ ಸತ್ತರು, ಗಾಯಗೊಂಡರು. 22ರ ರಾತ್ರಿ ಸೈನ್ಯ ಊರು ಬಿಟ್ಟು ಹಿಂದೆ ಸರಿಯಿತು.

ಫ್ರಾನ್ಸಿನ ಎರಡನೆಯ ದೊಡ್ಡ ಊರು ನೇಕಾರರ ಕೈಯಲ್ಲಿ! ಅವರು ಮಾಡಿದ್ದೇನು? ಲೂಟಿಯಾಗದಂತೆ ಕಾವಲು ನಿಂತರು. ಪ್ರಿಫೆಕ್ಟರನ್ನು ಅವರ ಹುದ್ದೆಯಲ್ಲೇ ಇರಲು ಬಿಟ್ಟರು. ರಾಜನನ್ನು ಇಳಿಸುತ್ತೇವೆ ಎನ್ನಲಿಲ್ಲ. ಅವರಿಗೆ ಬೇಕಾಗಿದ್ದದ್ದು ದರಪಟ್ಟಿ ಮಾತ್ರ. ಡಿಸೆಂಬರ್ 3ರಂದು ಯುವರಾಜ ಮತ್ತು ಯುದ್ಧಮಂತ್ರಿ ಮಾರ್ಷಲ್ ಸುಲ್ಟ್ ದೊಡ್ಡ ಸೈನ್ಯದೊಡನೆ ಊರು ಹೊಕ್ಕರು. ದರಪಟ್ಟಿ ರದ್ದಾಯಿತು. ಅದನ್ನು ಮಾಡಿಸಿದ ಪ್ರಿಫೆಕ್ಟರ ಕೆಲಸವೂ ಹೋಯಿತು. ಅಷ್ಟೆಲ್ಲ ಗಲಭೆಯಲ್ಲಿ ನೇಕಾರರು ತಮ್ಮ ಜಕಾರ್ಡ್ ಮಗ್ಗಗಳ ಮೇಲೆ ಕೈ ಎತ್ತಲಿಲ್ಲ. ಇಂದು ಕ್ರುವಾ ರೂಸ್ ಗುಡ್ಡದ ಚೌಕದಲ್ಲೇ ಜಕಾರ್ಡ್‌ನ ಪ್ರತಿಮೆ ಇದೆ. ಇಷ್ಟಾದರೂ ಯಂತ್ರದ ಮೇಲಿನ ಸಿಟ್ಟು ಎಂದೇ ಬರೆಯುತ್ತೀರಾ?

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಲಿಯಾನಿನಲ್ಲಿ 1834ರ ಏಪ್ರಿಲ್‌ನಲ್ಲಿ ಮತ್ತೆ ದಂಗೆಯಾಯಿತು, ಮತ್ತೆ ಸೈನ್ಯ ಬಂತು. 1844ರ ಜೂನ್‌ನಲ್ಲಿ ಪ್ರಷ್ಯಾದ ಸೈಲೀಷಿಯಾದಲ್ಲಿ ನೇಕಾರರು ಎದ್ದರು. ಮನೆಯಲ್ಲಿ ನೇಯುವವರು, ಮಜೂರಿ ಇಳಿಸಿದ ವ್ಯಾಪಾರಿಯ ಮನೆಗೆ ನುಗ್ಗಿದರು, ಸೈನಿಕರ ಗುಂಡಿಗೆ 11 ಮಂದಿ ಬಲಿಯಾದರು. 1845ರಲ್ಲಿ ಆಲೂಗಡ್ಡೆಗೆ ರೋಗ ಬಿತ್ತು, 1846ರಲ್ಲಿ ಧಾನ್ಯದ ಬೆಳೆ ಕೈಕೊಟ್ಟಿತು. ಊಟ ದುಬಾರಿ, ಮಜೂರಿ ಅಗ್ಗ. 1848ರಲ್ಲಿ ಪಲೆರ್ಮೊ, ಪ್ಯಾರಿಸ್, ವಿಯೆನ್ನಾ, ಬರ್ಲಿನ್ ಒಂದರ ಹಿಂದೆ ಒಂದು ಎದ್ದು ನಿಂತವು. ರಾಷ್ಟ್ರೀಯತೆ, ಸಂವಿಧಾನ ಎಲ್ಲವೂ ಅದರಲ್ಲಿತ್ತು, ಅದನ್ನು ಪಠ್ಯದಲ್ಲಿ ಓದಿಕೊಳ್ಳಿ. ಪ್ಯಾರಿಸ್ಸಿನ ಬಡವರು ಆ ಫೆಬ್ರುವರಿಯಲ್ಲಿ ಕೇಳಿದ್ದು ಕೆಲಸದ ಹಕ್ಕು. ಸರ್ಕಾರ ಅವರಿಗಾಗಿ ತೆರೆದ ರಾಷ್ಟ್ರೀಯ ಕಾರ್ಯಾಗಾರಗಳನ್ನು ಮುಚ್ಚಲು ಹೊರಟಾಗ ಜೂನ್‌ನಲ್ಲಿ ಮತ್ತೆ ಬೀದಿಗಳಲ್ಲಿ ರಕ್ತ ಹರಿಯಿತು.

ಪರಿಣಾಮಗಳು? ಮ್ಯಾಂಚೆಸ್ಟರ್ 1801ರಲ್ಲಿ ಸುಮಾರು 75,000 ಜನರ ಊರು, 1851ಕ್ಕೆ 3 ಲಕ್ಷ ದಾಟಿತು. ಬ್ರಿಟನ್ನಿನಲ್ಲಿ 1813ರಲ್ಲಿ ಯಂತ್ರಮಗ್ಗಗಳು 2,400, ಇಪ್ಪತ್ತೇ ವರ್ಷದಲ್ಲಿ ಒಂದು ಲಕ್ಷ. ಆ ಬಟ್ಟೆ ನಮ್ಮ ಸಂತೆಗಳಿಗೂ ಬಂದು ನಮ್ಮ ನೇಕಾರರ ಅನ್ನ ಕಸಿಯಿತು, ಅದು ಇನ್ನೊಂದು ಇಡೀ ಭಾಷಣದ ವಿಷಯ. ಬ್ರಿಟನ್ 1833ರಲ್ಲಿ ಒಂಬತ್ತು ವರ್ಷದೊಳಗಿನ ಮಕ್ಕಳನ್ನು ರೇಷ್ಮೆ ಬಿಟ್ಟು ಉಳಿದ ಬಟ್ಟೆ ಗಿರಣಿಗಳಲ್ಲಿ ದುಡಿಸಬಾರದು ಎಂದಿತು. ಫ್ರಾನ್ಸಿನಲ್ಲಿ 1864ರಲ್ಲಿ ಮುಷ್ಕರ ಅಪರಾಧವಲ್ಲ ಎಂದಾಯಿತು. ಸಂಘ ಕಟ್ಟುವ ಹಕ್ಕು ಸಿಕ್ಕಿದ್ದು 1884ರಲ್ಲಿ. ಲೆ ಶಪೆಲಿಯೇ ಕಾನೂನು ಬಂದು ಆಗ 93 ವರ್ಷ! ಲಿಯಾನಿನ ಗುಡ್ಡದಿಂದ ಇಳಿದು ಬಂದವರಲ್ಲಿ ಬಹುಪಾಲು ಜನ ಅಷ್ಟರಲ್ಲಿ ಮಣ್ಣಾಗಿದ್ದರು.

ವಿದ್ಯಾರ್ಥಿಗಳೇ, ಉತ್ತರ ಬರೆಯುವಾಗ ಜುಲೈ 14ರ ಜೊತೆಗೆ 1831ರ ಅಕ್ಟೋಬರ್ 25ನ್ನೂ ಬರೆಯಿರಿ. ನಿಮ್ಮ ಊರಿನಲ್ಲಿ ಮಗ್ಗದ ಮನೆ ಇದ್ದರೆ ಈ ವಾರವೇ ಒಮ್ಮೆ ಒಳಗೆ ಹೋಗಿ. ತಲೆ ಎತ್ತಿ ಆ ರಟ್ಟಿನ ಸರವನ್ನು ನೋಡಿ. ಆಮೇಲೆ ಮಗ್ಗದಲ್ಲಿ ಕುಳಿತವರನ್ನು ಕೇಳಿ: ಈ ಸೀರೆಗೆ ನಿಮ್ಮ ಮಜೂರಿ ಎಷ್ಟು, ಅದನ್ನು ಗೊತ್ತು ಮಾಡಿದವರು ಯಾರು?

ನಮಸ್ಕಾರ.